ಇಪ್ಪತ್ತು ನಿಮಿಷದ ಕನ್ನಡ

ಸೋಮವಾರ ಹತ್ತೂವರೆಗೆ ನನ್ನ ಸಂದರ್ಶನ. ಕನ್ನಡ ಟೀಚರ್ ಬೇಕಾಗಿದ್ದಾರೆ ಎಂದು ಇಂಗ್ಲಿಷಿನಲ್ಲಿ ಬಂದ ಜಾಹೀರಾತು ನೋಡಿ ಅರ್ಜಿ ಹಾಕಿದ್ದೆ. ಮೊದಲು ಮಾತುಕತೆ, ಆಮೇಲೆ ಡೆಮೊ. ಡೆಮೊ ಎಂದರೆ ಆಡಳಿತ ಮಂಡಳಿಯವರು ಬೆಂಚುಗಳಲ್ಲಿ ಕೂತಿರುತ್ತಾರೆ; ನಾವು ಅವರನ್ನು ಆರನೇ ಕ್ಲಾಸಿನ ಮಕ್ಕಳೆಂದು ನಂಬಿ ಇಪ್ಪತ್ತು ನಿಮಿಷ ಪಾಠ ಮಾಡಬೇಕು. ಮೊಮ್ಮಕ್ಕಳನ್ನು ಕಂಡ ಕಾರ್ಯದರ್ಶಿಗಳಿಗೆ ‘ಎದ್ದು ನಿಂತು ಓದು ಮರಿ’ ಎನ್ನುವುದು ಹೇಗೆ? ‘ನೀವು’ ಎಂದರೆ ತರಗತಿ ಅನಿಸುವುದಿಲ್ಲ, ‘ನೀನು’ ಎಂದರೆ ಕೆಲಸ ಸಿಗುವುದಿಲ್ಲ. ಬಿ.ಇಡಿ.ಯಲ್ಲಿ ಇದನ್ನು ಯಾರೂ ಹೇಳಿಕೊಡಲಿಲ್ಲ.

2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂದ ಮೇಲೆ ಕೇಂದ್ರ ಪಠ್ಯಕ್ರಮದ ಶಾಲೆಗಳೂ ಕನ್ನಡ ಕಲಿಸಲೇಬೇಕು. ನನ್ನಂಥವರ ಅರ್ಜಿಗೆ ಬೆಲೆ ಬಂದದ್ದು ಹೀಗೆ.

ತಯಾರಿ ನಡೆದಿರುವುದು ಸತ್ಯನಾರಾಯಣಪೇಟೆಯ ನಮ್ಮ ಮನೆಯ ಮಾಳಿಗೆ ಮೇಲೆ, ಬೆಳಿಗ್ಗೆ ಎಂಟರೊಳಗೆ. ಆಮೇಲೆ ಬಳ್ಳಾರಿ ಬಿಸಿಲು ಯಾರಿಗೂ ಪಾಠ ಮಾಡಗೊಡುವುದಿಲ್ಲ. ವಿದ್ಯಾರ್ಥಿಗಳು ಮೂವರು: ನನ್ನ ತಮ್ಮನ ಮಗ, ಪಕ್ಕದ ಮನೆಯ ತೆಲುಗು ಹುಡುಗಿ, ಕೆಳಗಿನ ಮನೆಯಲ್ಲಿರುವ, ಮನೆಮಾತು ಉರ್ದುವಾದ ಹುಡುಗ. ಫೀಸು ನಾನೇ ಕೊಡುತ್ತೇನೆ, ಒಗ್ಗರಣೆ-ಮಿರ್ಚಿಯ ರೂಪದಲ್ಲಿ.

ಈ ಜಿಲ್ಲೆಯ ಮೇಷ್ಟ್ರುಗಳ ಫೀಸಿನ ಲೆಕ್ಕವನ್ನು ಇನ್ನೂರು ವರ್ಷದ ಹಿಂದೆಯೇ ಒಬ್ಬ ಕಲೆಕ್ಟರ್ ಬರೆದಿಟ್ಟಿದ್ದಾನೆ. ಹೆಸರು ಎ.ಡಿ. ಕ್ಯಾಂಪ್‌ಬೆಲ್. 1816ರಲ್ಲಿ ತೆಲುಗು ವ್ಯಾಕರಣ ಅಚ್ಚು ಹಾಕಿಸಿದವನು. ಕಂಪನಿಯ ಎಳೆಯ ಅಧಿಕಾರಿಗಳಿಗೆ ನಮ್ಮ ಭಾಷೆಗಳನ್ನು ಕಲಿಸಿ ಪರೀಕ್ಷೆ ಮಾಡುತ್ತಿದ್ದ ಮದ್ರಾಸಿನ ಕಾಲೇಜಿನಲ್ಲಿ ಇದ್ದವನು. ಹಾಗಾಗಿ ಭಾಷೆಯ ಪಾಠವನ್ನು ನೋಡಲು ಅವನಿಗೆ ಕಣ್ಣಿತ್ತು. 1823ರ ಆಗಸ್ಟಿನಲ್ಲಿ ಅವನು ಕಳಿಸಿದ ವರದಿಯ ಪ್ರಕಾರ ಆಗಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳು. ಅನಂತಪುರ ಆಗಿನ್ನೂ ಬೇರೆಯಾಗಿರಲಿಲ್ಲ. ಕನ್ನಡದ್ದು 235, ತೆಲುಗಿನದು 226. ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ತಮಿಳು. ಇಂಗ್ಲಿಷಿನದು ಒಂದೇ ಒಂದು! ಓದುವವರು 6,641 ಮಂದಿ, ಅವರಲ್ಲಿ ಹುಡುಗಿಯರು 60. ಆಗ ಹುಟ್ಟಿದ್ದರೆ ನಾನು ಟೀಚರಾಗುವ ಮಾತಿರಲಿ, ಅರವತ್ತೊಂದನೆಯವಳಾಗಿ ಸೇರುವುದಕ್ಕೇ ಮನೆಯಲ್ಲಿ ಜಗಳ ತೆಗೆಯಬೇಕಿತ್ತು.

ಆಗಿನ ಪಾಠ ಐದನೇ ವರ್ಷಕ್ಕೆ ಅಕ್ಕಿಯ ಮೇಲೆ ದೇವರ ಹೆಸರು ಬರೆಸಿ ಶುರು. ಆಮೇಲೆ ನೆಲದ ಮರಳಿನ ಮೇಲೆ ಬೆರಳಲ್ಲಿ ಅಕ್ಷರ ತಿದ್ದುವುದು. ಮುಂದೆ ಹಲಗೆ, ಇಲ್ಲವೇ ಕಡತ. ಬಟ್ಟೆಗೆ ಗಂಜಿ ಹಾಕಿ ಗಟ್ಟಿಮಾಡಿ, ಪುಸ್ತಕದ ಹಾಗೆ ಮಡಿಚಿ, ಇದ್ದಿಲ ಪುಡಿ ಮತ್ತು ಅಂಟು ಬಳಿದರೆ ಕಡತ. ಬಳಪದಿಂದ ಬರೆಯುವುದು, ಒದ್ದೆ ಬಟ್ಟೆಯಿಂದ ಒರೆಸುವುದು. ನನ್ನ ಡೆಮೊಗೆ ಬೇಕಾದ ವೈಟ್‌ಬೋರ್ಡ್ ಮಾರ್ಕರಿಗೆ ಹೋಲಿಸಿದರೆ ಅದೇ ವಾಸಿ. ಮಾರ್ಕರು ಅರ್ಧ ಪಾಠಕ್ಕೆ ಒಣಗುತ್ತದೆ.

ಫೀಸು ತಿಂಗಳಿಗೆ ಕಾಲು ರೂಪಾಯಿ. ಕಾಗದದ ಮೇಲೆ ಬರೆಯುವ ಹಂತಕ್ಕೆ ಬಂದರೆ ಅರ್ಧ ರೂಪಾಯಿ. ಆದರೆ ಕಾವ್ಯದ ಅರ್ಥ ಹೇಳಿಕೊಡಿ ಎಂದರೆ ಮೇಷ್ಟ್ರು ಕೇಳುತ್ತಿದ್ದದ್ದು ಹೆಚ್ಚಿನ ತಂದೆತಾಯಂದಿರ ಕೈಗೆ ಎಟುಕುತ್ತಿರಲಿಲ್ಲವಂತೆ. ಪದ್ಯಗಳೆಲ್ಲ ಗಿಣಿಪಾಠವಾಗಿಯೇ ಉಳಿಯುತ್ತಿದ್ದವು ಎಂದು ಕ್ಯಾಂಪ್‌ಬೆಲ್ ಗೊಣಗಿದ್ದಾನೆ. ಇದನ್ನು ಓದಿದಾಗ ನನಗೆ ಸಿಟ್ಟು ಬರಲಿಲ್ಲ, ಹೊಟ್ಟೆಕಿಚ್ಚಾಯಿತು. ಅರ್ಥಕ್ಕೆ ಬೇರೆ ದರ ಇದ್ದ ಕಾಲ! ಈಗಿನ ಡೆಮೊದಲ್ಲಿ ಅಂಕ ಸಿಗುವುದು ದನಿಗೆ, ಬೋರ್ಡಿನ ಮೇಲಿನ ನೇರ ಗೆರೆಗೆ, ಕ್ಲಾಸ್ ಕಂಟ್ರೋಲಿಗೆ.

ಕ್ಯಾಂಪ್‌ಬೆಲ್ ಮನಸಾರೆ ಹೊಗಳಿದ್ದರಲ್ಲಿ ಒಂದು: ಮುಂದಿದ್ದ ಹುಡುಗರು ಹಿಂದಿದ್ದವರಿಗೆ ಕಲಿಸುವ ಪದ್ಧತಿ. ಅದು ಆಗಲೇ ಇಂಗ್ಲೆಂಡಿಗೂ ಹೋಗಿತ್ತು. 1789ರಲ್ಲಿ ಮದ್ರಾಸಿನ ಎಗ್ಮೋರಿನ ಅನಾಥಾಲಯಕ್ಕೆ ಬಂದ ಪಾದ್ರಿ ಆಂಡ್ರ್ಯೂ ಬೆಲ್, ಊರ ಮಕ್ಕಳು ಮರಳಲ್ಲಿ ಬರೆಯುವುದನ್ನು ಕಂಡು ತನ್ನಲ್ಲೂ ಅದನ್ನು ತರಲು ಹೊರಟ. ಅವನ ಮೇಷ್ಟ್ರುಗಳು ಒಪ್ಪಲಿಲ್ಲ. ಬೆಲ್ ಎಂಟು ವರ್ಷದ ಜಾನ್ ಫ್ರಿಸ್ಕೆನ್ ಎಂಬ ಹುಡುಗನನ್ನೇ ಮೇಷ್ಟ್ರು ಮಾಡಿದ. 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಬರೆದು ಇದನ್ನು ಜಗತ್ತಿಗೆ ಸಾರಿದ. ಫ್ರಿಸ್ಕೆನ್ನನಿಗೆ ಅನುಭವ ಎಷ್ಟು, ನಿರೀಕ್ಷಿತ ಸಂಬಳ ಎಷ್ಟು ಎಂದು ಯಾರೂ ಕೇಳಿದಂತಿಲ್ಲ.

ಡೆಮೊಗೆ ನಾನು ಆರಿಸಿಕೊಂಡಿದ್ದ ಪಾಠ ಒತ್ತಕ್ಷರ. ಉದಾಹರಣೆಗಳು ಊರಿನವೇ. ಬಳ್ಳಾರಿ, ಸಿರುಗುಪ್ಪ ಸಜಾತೀಯ, ಸತ್ಯನಾರಾಯಣಪೇಟೆ ವಿಜಾತೀಯ, ಕುರುಗೋಡಿಗೆ ಒತ್ತೇ ಇಲ್ಲ. ಪಾಠ ನುಣ್ಣಗೆ ಸಾಗಿತ್ತು. ಬಹಳ ನುಣ್ಣಗೆ, ಇಂಥ ಪಾಠದಲ್ಲಿ ಯಾರೂ ಏನೂ ಕೇಳುವುದಿಲ್ಲ. ಕೊನೆಗೆ ‘ಮಿರ್ಚಿ ಬರೀರಿ, ತಿನ್ನೋಣ’ ಎಂದೆ.

ತಮ್ಮನ ಮಗ ಅರ್ಕಾವೊತ್ತು ಹಾಕಿದ. ತೆಲುಗು ಹುಡುಗಿ ‘ರಿ’ ಬರೆದು ಅದರಡಿ ಚಕಾರದ ಒತ್ತು ಕೊಟ್ಟಳು, ಮನೆಯಲ್ಲಿ ಅಮ್ಮ ಬರೆಯುವ ಹಾಗೆ. ‘ತಪ್ಪಾ ಆಂಟಿ?’

ತಪ್ಪಲ್ಲ. ಕನ್ನಡದಲ್ಲೂ ಹಾಗೆ ಬರೆಯಬಹುದು, ರೂಢಿಯಲ್ಲಿ ಇರುವುದು ಅರ್ಕಾವೊತ್ತು. ತೆಲುಗಿನಲ್ಲೂ ಅದು ಇತ್ತು, ವಲಪಲಗಿಲಕ ಎಂದು ಹೆಸರು, ಈಗ ಬಿಟ್ಟಿದ್ದಾರೆ. ಇಷ್ಟು ಹೇಳಿ ಪಾರಾದೆ ಎನ್ನುವಷ್ಟರಲ್ಲಿ ತಮ್ಮನ ಮಗ, ‘ಅತ್ತೆ, ಬಾಯಲ್ಲಿ ಮೊದಲು ರ್ ಬರ್ತದೆ, ಬರೆಯೋವಾಗ ಯಾಕೆ ಕೊನೇಲಿ?’ ಎಂದ. ಉತ್ತರ ಕೊಟ್ಟದ್ದು ಉರ್ದು ಮನೆಯ ಹುಡುಗ: ‘ಹಿಂದಿಯಲ್ಲಿ ತಲೆ ಮೇಲೆ ಇರ್ತದಲ್ಲ.’ ಹೌದು. ನಮ್ಮ ಹಳೆಯ ಶಾಸನಗಳಲ್ಲೂ ಅದು ಅಕ್ಷರದ ನೆತ್ತಿಯ ಮೇಲಿತ್ತು. ಬರುಬರುತ್ತಾ ಬಲಕ್ಕೆ ಜಾರಿತು.

ಪಾಠ ಟಿಪ್ಪಣಿ ಹರಿದು ಹೊಸದು ಬರೆದಿದ್ದೇನೆ. ಬೋರ್ಡಿನ ಮೇಲೆ ಮೊದಲ ಪದ ಮಿರ್ಚಿ. ಮಂಡಳಿಯಲ್ಲಿ ಮನೆಮಾತು ತೆಲುಗಾದವರು ಒಬ್ಬರಾದರೂ ಇರುತ್ತಾರೆ, ಬಳ್ಳಾರಿಯಲ್ಲವೇ? ಅವರನ್ನೇ ಮೊದಲು ಬೋರ್ಡಿಗೆ ಕರೆಯುವುದು. ಸಂಬಳ ಎಷ್ಟು ಕೇಳಬೇಕೆಂದು ಭಾನುವಾರ ಕೂತು ತೀರ್ಮಾನಿಸೋಣ ಎಂದಿದ್ದಾರೆ ನಮ್ಮ ಮನೆಯವರು. ಅರ್ಥ ಹೇಳುವುದಕ್ಕೆ ಬೇರೆ ದರ ಎನ್ನುವ ಧೈರ್ಯ ಮಾತ್ರ ನನಗಿಲ್ಲ.