ಅಸಲಿ ಭಾಗ, ಬದಲಿ ಭಾಗ

ಬೈಲಹೊಂಗಲದ ಹತ್ತಿಯ ಪೇಟೆಯಲ್ಲಿ ಬಹುಕಾಲ ವ್ಯಾಪಾರ ಮಾಡಿ ಹಣ್ಣಾದ ಸಾವಕಾರರೊಬ್ಬರ ಬಳಿ ಹಳೆಯದೊಂದು ಅಂಬಾಸಡರ್ ಕಾರು ಇದೆ. ಮದುವೆಯ ದಿಬ್ಬಣಗಳನ್ನು ಹೊತ್ತ, ರೋಗಿಗಳನ್ನು ಅಪರಾತ್ರಿಯಲ್ಲಿ ಬೆಳಗಾವಿಯ ಆಸ್ಪತ್ರೆಗೆ ಮುಟ್ಟಿಸಿದ, ಮಳೆಗಾಲದ ಎರೆಮಣ್ಣಿನಲ್ಲಿ ಹೂತು ಎತ್ತುಗಳಿಂದ ಎಳೆಯಿಸಿಕೊಂಡ ಕಾರು ಅದು. ಅದನ್ನು ಮಾರಿಬಿಡಿರೆಂದು ಮಕ್ಕಳು ಆಗಾಗ ಹೇಳುವುದುಂಟು. ಸಾವಕಾರರಿಗೆ ಕಿವಿ ಸ್ವಲ್ಪ ಮಂದ. ಈ ಒಂದು ಮಾತಿಗೆ ಮಾತ್ರ ಅದು ಪೂರ್ಣ ಮಂದವಾಗುತ್ತದೆ.

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಮಾದರಿಯಾಗಿಟ್ಟುಕೊಂಡು ಹಿಂದೂಸ್ತಾನ್ ಮೋಟರ್ಸ್ ಸಂಸ್ಥೆಯು 1950ರ ದಶಕದ ಕೊನೆಯಲ್ಲಿ ಅಂಬಾಸಡರಿನ ತಯಾರಿಕೆಯನ್ನು ಆರಂಭಿಸಿತು. ಬಂಗಾಳದ ಉತ್ತರಪಾಡಾದ ಕಾರ್ಖಾನೆಯಲ್ಲಿ ಆ ಕೆಲಸ 2014ರ ಮೇ ತಿಂಗಳಲ್ಲಿ ನಿಂತಿತು. ಕಾರ್ಖಾನೆ ನಿಂತರೂ ಕಾರುಗಳು ನಿಲ್ಲಲಿಲ್ಲ. ಓಡುವ ಯಂತ್ರ ಸವೆಯುತ್ತದೆ. ಸವೆದುದಕ್ಕೆ ಬದಲಿ ಬೇಕಾಗುತ್ತದೆ. ಕಾರು ತಯಾರಿಸಿದ ಸಂಸ್ಥೆಯ ಮುದ್ರೆಯನ್ನು ಹೊತ್ತು ಬಂದ ಭಾಗವನ್ನು ಗ್ಯಾರೇಜಿನವರು ‘ಕಂಪನಿ ಸಾಮಾನು’ ಎಂದೂ ‘ಅಸಲಿ’ ಎಂದೂ ಕರೆಯುತ್ತಾರೆ. ಬೇರೆಯವರು ತಯಾರಿಸಿ ಪೇಟೆಗೆ ಬಿಟ್ಟುದೆಲ್ಲ ಅವರ ಬಾಯಲ್ಲಿ ‘ಲೋಕಲ್’. ಈ ಲೋಕಲ್ ಎಂಬ ಒಂದೇ ಚೀಲದಲ್ಲಿ ಗಟ್ಟಿ ಕಾಳೂ ಇದೆ, ಜಳ್ಳೂ ಇದೆ. ತೂರಿ ನೋಡುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಒಂದು ವರ್ಷ ಭಾರತ ಹುಣ್ಣಿಮೆಯ ಜಾತ್ರೆಗೆ ಸಾವಕಾರರ ಮನೆಯವರೆಲ್ಲ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೊರಡುವುದೆಂದು ಗೊತ್ತಾಯಿತು. ಹೊರಡುವ ಮುನ್ನ ಕಾರನ್ನು ಗ್ಯಾರೇಜಿಗೆ ಒಯ್ದರು. ಬ್ರೇಕಿನ ಪೆಡಲು ಒತ್ತಿದಷ್ಟೂ ಕೆಳಗಿಳಿಯುತ್ತಿತ್ತು. ಮೇಸ್ತ್ರಿ ಗಾಲಿಗಳನ್ನು ಬಿಚ್ಚಿ ನೋಡಿದನು.

“ಸಾವಕಾರ್ರ, ಬ್ರೇಕಿನ ರಬ್ಬರ್ ಹೋಗ್ಯಾವ್ರಿ. ಎಲ್ಲಾ ಬದಲಿ ಮಾಡಬೇಕು.”

“ಹಾಕೂದಾದ್ರ ಕಂಪನಿ ಸಾಮಾನ ಹಾಕು. ಲೋಕಲ್ ನನ್ನ ಗಾಡಿಗೆ ಬ್ಯಾಡ.”

“ಕಂಪನೀನ ಬಾಗಲಾ ಹಾಕೇತ್ರಿ. ಇನ್ನ ಎಲ್ಲಿಂದ ತರೂದು?”

ಆ ರಬ್ಬರು ಎಷ್ಟರದು ಎಂಬುದನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ಚಾಲಕನು ಪೆಡಲನ್ನು ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿರುವ ಬ್ರೇಕ್ ಆಯಿಲ್ ಕೊಳವೆಗಳ ಮೂಲಕ ಆ ಒತ್ತಡವನ್ನು ಗಾಲಿಗಳಿಗೆ ಮುಟ್ಟಿಸುತ್ತದೆ. ಅಲ್ಲಿ ಲೈನಿಂಗ್ ಹೊದಿಸಿದ ಬ್ರೇಕ್ ಶೂಗಳು ಅಗಲಗೊಂಡು ಡ್ರಮ್ಮಿನ ಒಳಮೈಯನ್ನು ಉಜ್ಜಿ ಗಾಲಿಯನ್ನು ತಡೆಯುತ್ತವೆ. ಈ ಒತ್ತಡವು ಸೋರಿಹೋಗದಂತೆ ಕಾಯುವುದು ರೂಪಾಯಿಯ ನಾಣ್ಯದಷ್ಟು ಅಗಲದ, ರಬ್ಬರಿನ ಪುಟ್ಟ ಬಟ್ಟಲು. ಹಳೆಯ ಅಂಬಾಸಡರಿನಲ್ಲಿ ನಾಲ್ಕು ಗಾಲಿಗಳಿಗೂ ಸೇರಿ ಎಣ್ಣೆಯ ಹಾದಿ ಒಂದೇ. ಆದುದರಿಂದ ಒಂದು ಬಟ್ಟಲು ಸೋತರೆ ನಾಲ್ಕು ಗಾಲಿಗಳ ತಡೆಯೂ ಒಮ್ಮೆಗೇ ಸೋಲುತ್ತದೆ. ಚಕ್ಕಡಿಗೆ ಕಡೆಗೀಲು ಹೇಗೋ ಕಾರಿಗೆ ಇದು ಹಾಗೆ; ನೋಟಕ್ಕೆ ಅತ್ಯಲ್ಪ, ಕಳಚಿದಾಗಲೇ ಅದರ ಬೆಲೆ ತಿಳಿಯುವುದು.

ಸಾವಕಾರರು ಹಟ ಬಿಡಲಿಲ್ಲ. ಹುಬ್ಬಳ್ಳಿಗೆ ಆಳನ್ನು ಅಟ್ಟಿದರು. ಅಲ್ಲಿ ಹಳೆಯ ಅಂಗಡಿಯೊಂದರ ಅಟ್ಟದ ಮೇಲೆ ಕಂಪನಿಯ ಮುದ್ರೆಯಿದ್ದ, ಇನ್ನೂ ಬಿಚ್ಚದಿದ್ದ ಡಬ್ಬಿಯೊಂದು ಸಿಕ್ಕಿತು. ಮೂರು ಪಟ್ಟು ಬೆಲೆ ತೆತ್ತು ತಂದದ್ದಾಯಿತು. ಗೆದ್ದವರ ಗತ್ತಿನಿಂದ ಸಾವಕಾರರು ಅದನ್ನು ಮೇಸ್ತ್ರಿಯ ಮುಂದಿಟ್ಟರು.

ಮೇಸ್ತ್ರಿ ಡಬ್ಬಿ ಬಿಚ್ಚಿ ಒಂದು ಬಟ್ಟಲನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಅದರ ಅಂಚನ್ನು ಮೆಲ್ಲನೆ ಮಡಚಿದನು. ಬೇಸಗೆಯ ಎರೆಹೊಲದಲ್ಲಿ ಬಿರುಕು ಕಾಣುವಂತೆ ಕಪ್ಪು ರಬ್ಬರಿನ ಮೇಲೆ ಸಣ್ಣ ಗೆರೆಗಳು ಕಾಣಿಸಿಕೊಂಡವು.

“ಡಬ್ಬಿ ಅಸಲಿ ಐತ್ರಿ. ರಬ್ಬರ್ ಮುದುಕ ಆಗೇತಿ.”

“ಮುದುಕ ಅಂದದ್ದು ರಬ್ಬರಿಗೋ, ನನಗೋ?” ಎಂದು ಸಾವಕಾರರು ನಗಲು ಯತ್ನಿಸಿದರು. ನಗೆ ಬರಲಿಲ್ಲ. ಕೊಟ್ಟ ಹಣ ಮರಳಿ ಬರುವಂತಿರಲಿಲ್ಲ.

ರಬ್ಬರು ಬಳಸದಿದ್ದರೂ ಮುಪ್ಪಾಗುತ್ತದೆ. ಗಾಳಿಯ ಆಮ್ಲಜನಕವೂ ಬಿಸಿಲಿನ ಕಾವೂ ಅದರ ಮೃದುತ್ವವನ್ನು ವರ್ಷ ವರ್ಷಕ್ಕೂ ಹೀರುತ್ತವೆ. ಡಬ್ಬಿಯ ಮೇಲಿನ ಮುದ್ರೆಗೆ ಅದನ್ನು ತಡೆಯುವ ಶಕ್ತಿಯಿಲ್ಲ. ಕಬ್ಬಿಣದ ಭಾಗವನ್ನು ಎಣ್ಣೆ ಸವರಿ ಇಟ್ಟರೆ ಬಹುಕಾಲದ ನಂತರವೂ ಹೊಸದಾಗಿಯೇ ಇದ್ದೀತು. ರಬ್ಬರಿನ ವಿಷಯದಲ್ಲಿ ಆ ನಂಬಿಕೆ ಸಲ್ಲದು.

ಮೇಸ್ತ್ರಿ ತನ್ನ ಕಪಾಟಿನಿಂದ ಎರಡು ಪೊಟ್ಟಣಗಳನ್ನು ತೆಗೆದು ತೋರಿಸಿದನು. ಒಂದು ಬರಿಯ ಪ್ಲಾಸ್ಟಿಕ್ ಚೀಲ. ಹೆಸರಿಲ್ಲ, ಊರಿಲ್ಲ, ಬೆಲೆ ಮಾತ್ರ ಬಹಳ ಅಗ್ಗ. ಇನ್ನೊಂದರ ಮೇಲೆ ಬ್ರೇಕಿನ ಭಾಗಗಳನ್ನೇ ತಯಾರಿಸುವ ಸಂಸ್ಥೆಯ ಹೆಸರು, ತಯಾರಾದ ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟದ ಬೆಲೆ ಎಲ್ಲವೂ ಅಚ್ಚಾಗಿದ್ದವು. ಪೊಟ್ಟಣ ಕಟ್ಟಿದ ಸರಕಿನ ಮೇಲೆ ಇವು ಇರಲೇಬೇಕೆಂದು ನಮ್ಮ ದೇಶದಲ್ಲಿ 2011ರ ನಿಯಮಗಳು ವಿಧಿಸಿವೆ. ಅದನ್ನು ಓದುವ ಗಿರಾಕಿಗಳು ಮಾತ್ರ ಕಡಿಮೆ.

ಕಾರಿನ ಸಂಸ್ಥೆಯು ಕಾರಿನ ಎಲ್ಲ ಭಾಗಗಳನ್ನೂ ತಾನೇ ಮಾಡುವುದಿಲ್ಲ ಎಂಬುದು ಸಾವಕಾರರಿಗೆ ಅಂದು ತಿಳಿಯಿತು. ಬೆಂಗಳೂರಿನಲ್ಲಿ 1951ರಲ್ಲಿ ಸ್ಥಾಪನೆಯಾದ ಮೈಕೋ ಸಂಸ್ಥೆಯು ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ಮಾಡಿ ಅನೇಕ ವಾಹನ ಕಾರ್ಖಾನೆಗಳಿಗೆ ಒದಗಿಸಿತು. ತನ್ನ ಹೆಸರಿನಲ್ಲಿ ಪೇಟೆಗೂ ಬಿಟ್ಟಿತು. 2008ರಲ್ಲಿ ಅದು ಬಾಷ್ ಎಂದು ಹೆಸರು ಬದಲಿಸಿಕೊಂಡಿತಾದರೂ ಹಳೆಯ ಮೇಸ್ತ್ರಿಗಳಿಗೆ ಅದು ಮೈಕೋ ಪ್ಲಗ್ಗೇ. ಡೈನಮೋ, ಬೇರಿಂಗು, ಬ್ರೇಕುಗಳ ಕಥೆಯೂ ಇದೇ. ಒಂದೇ ಅಚ್ಚಿನಿಂದ ಬಂದ ಒಂದೇ ಭಾಗವು ಕಾರಿನ ಸಂಸ್ಥೆಯ ಡಬ್ಬಿ ಸೇರಿದರೆ ಅಸಲಿ. ತಯಾರಿಸಿದವರ ಡಬ್ಬಿಯಲ್ಲೇ ಉಳಿದರೆ ಲೋಕಲ್!

ಹಾಗೆಂದು ಲೋಕಲ್ ಆದುದೆಲ್ಲ ಸರಿಯೆಂದೂ ಅಲ್ಲ. ಅಂಬಾಸಡರಿನ ಹಳೆಯ ಎಂಜಿನ್ನು ಬ್ರಿಟನ್ನಿನ ಕುಲದ್ದು. ಅದರ ಬೋಲ್ಟುಗಳು ಅಂಗುಲದ ಅಳತೆಯವು. ಭಾರತವು 1956ರ ಕಾಯಿದೆಯಿಂದ ಮೆಟ್ರಿಕ್ ಅಳತೆಯನ್ನು ಒಪ್ಪಿಕೊಂಡಿತು. ಆದರೆ ಆ ಬೋಲ್ಟುಗಳಿಗೆ ಕಾಯಿದೆ ಗೊತ್ತಿಲ್ಲ. ಹೆಚ್ಚುಕಡಿಮೆ ಅಷ್ಟೇ ದಪ್ಪದ ಮೆಟ್ರಿಕ್ ಬೋಲ್ಟನ್ನು ಬಲವಂತದಿಂದ ತಿರುಗಿಸಿದರೆ ಎರಡು ಸುತ್ತು ಹೋಗುತ್ತದೆ, ಮೂರನೆಯ ಸುತ್ತಿಗೆ ಒಳಗಿನ ಮರೆಯನ್ನೇ ಕೊರೆದು ಹಾಳುಮಾಡುತ್ತದೆ. ಒಂದು ಬೋಲ್ಟಿನ ಉಳಿತಾಯಕ್ಕೆ ಇಡೀ ಎಂಜಿನ್ನಿನ ಮೈ ದಂಡ.

ರಾಮದುರ್ಗದ ನೇಕಾರರಿಗೆ ಈ ವಿವೇಕವನ್ನು ಯಾರೂ ಕಲಿಸಬೇಕಾಗಿಲ್ಲ. ಮಗ್ಗದ ಕಂಬ ಸಡಿಲವಾದರೆ ಊರ ಬಡಿಗನು ಕೈಗೆ ಸಿಕ್ಕ ಗಟ್ಟಿಮರದಿಂದ ಸರಿಪಡಿಸಿದರೂ ನಡೆಯುತ್ತದೆ. ಲಾಳಿಯನ್ನು ಕೊಳ್ಳುವಾಗ ಮಾತ್ರ ನೇಕಾರನು ಅದರ ತುದಿಯನ್ನು ಬೆರಳಿನಿಂದ ಮತ್ತೆ ಮತ್ತೆ ಸವರಿ ನೋಡುತ್ತಾನೆ. ಅಲ್ಲೊಂದು ಸಿಬಿರು ಉಳಿದರೂ ಸಾಲುಸಾಲಾಗಿ ಎಳೆಗಳು ಹರಿಯುತ್ತವೆ. ಕಾರಿನಲ್ಲಿಯೂ ಬಾಗಿಲಿನ ಹಿಡಿ, ಸೀಟಿನ ಹೊದಿಕೆ, ಬಂಪರು ಇವನ್ನು ಎಲ್ಲಿಂದ ತಂದರೂ ಕೇಡಿಲ್ಲ. ಸೈಲೆನ್ಸರಿಗೆ ಊರಿನ ಬೆಸುಗೆಯೇ ಸಾಕು. ಬ್ರೇಕು ಮತ್ತು ಸ್ಟೀರಿಂಗಿನ ಭಾಗಗಳು ಲಾಳಿಯ ಜಾತಿಯವು. ಇನ್ನು ಕಿತ್ತೂರಿನ ಬಳಿ ಹೆದ್ದಾರಿಯಲ್ಲಿ ನಡುರಾತ್ರಿ ಫ್ಯಾನ್ ಬೆಲ್ಟು ಹರಿದವನು ಅಸಲಿ, ಲೋಕಲ್ ಎಂದು ಕುಳಿತು ವಿಚಾರಿಸಲಾರ. ಸಿಕ್ಕುದನ್ನು ಹಾಕಿಕೊಂಡು ಊರು ಸೇರುತ್ತಾನೆ. ಮರುದಿನ ಅದನ್ನು ಬದಲಿಸುವುದನ್ನು ಮರೆಯುತ್ತಾನೆ ಎಂಬುದೇ ಅವನ ತಪ್ಪು.

ಅಂತೂ ಹೆಸರು ಹೊತ್ತ ಪೊಟ್ಟಣದ ರಬ್ಬರು ಸಾವಕಾರರ ಕಾರಿಗೆ ಬಿದ್ದಿತು. ಹಳೆಯ ಎಣ್ಣೆಯನ್ನೆಲ್ಲ ಹೊರಚೆಲ್ಲಿ ಹೊಸ ಬ್ರೇಕ್ ಆಯಿಲನ್ನೇ ತುಂಬಲಾಯಿತು. ಎಂಜಿನ್ನಿನ ಎಣ್ಣೆಯ ಒಂದು ತೊಟ್ಟು ಸೇರಿದರೂ ಈ ರಬ್ಬರು ಉಬ್ಬಿ ಕೆಡುವುದೆಂದು ಹೇಳಿ ಮೇಸ್ತ್ರಿ ತನ್ನ ಕೈಯನ್ನು ಎರಡು ಸಲ ತೊಳೆದುಕೊಂಡಿದ್ದನು.

ಹುಣ್ಣಿಮೆಯ ದಿನ ಗುಡ್ಡದ ದಾರಿಯಲ್ಲಿ ಚಕ್ಕಡಿಗಳು, ಟ್ರ್ಯಾಕ್ಟರುಗಳು, ಬಸ್ಸುಗಳು, ಭಂಡಾರ ಹಚ್ಚಿಕೊಂಡು ನಡೆಯುವ ಭಕ್ತರು ಒತ್ತೊತ್ತಾಗಿ ತುಂಬಿದ್ದರು. ದೇವಿಯ ದರ್ಶನ ಮುಗಿಸಿ ಇಳಿಯುವಾಗ ಹಿರಿಯ ಮಗನು ಕಾರನ್ನು ಎರಡನೆಯ ಗೇರಿನಲ್ಲಿಟ್ಟು ನಿಧಾನವಾಗಿ ನಡೆಸಿದನು. ಒಂದು ತಿರುವಿನಲ್ಲಿ ತಾಯಿಯ ಕೈಬಿಡಿಸಿಕೊಂಡ ಮಗುವೊಂದು ಉರುಳಿದ ತೆಂಗಿನಕಾಯಿಯ ಬೆನ್ನು ಹತ್ತಿ ದಾರಿಯ ನಡುವೆ ಓಡಿಬಂದಿತು. ಮಗನ ಕಾಲು ಪೆಡಲಿನ ಮೇಲೆ ಬಿದ್ದಿತು. ಕಾರು ನಿಂತಿತು. ಮಗು ಕಾಯಿಯನ್ನು ಎತ್ತಿಕೊಂಡು, ಕಾರಿನತ್ತ ತಿರುಗಿಯೂ ನೋಡದೆ ಹೊರಟುಹೋಯಿತು. ಕೆಳಗೆ ಮಲಪ್ರಭೆಯ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಕಾರಿನೊಳಗೆ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಹುಬ್ಬಳ್ಳಿಯಿಂದ ಬಂದ ಆ ಡಬ್ಬಿಯನ್ನು ಸಾವಕಾರರು ಎಸೆಯಲಿಲ್ಲ. ಕಂಪನಿಯ ಮುದ್ರೆ ಮೇಲೆ ಬರುವಂತೆ ಅದು ಅಂಗಡಿಯ ಗದ್ದಿಗೆಯ ಪಕ್ಕದಲ್ಲಿದೆ. ಲೆಕ್ಕದ ಚೀಟಿಗಳಿಗೆ ಚುಚ್ಚುವ ಗುಂಡುಸೂಜಿಗಳನ್ನು ಈಗ ಅದರಲ್ಲಿ ಇಡುತ್ತಾರೆ.