ಎರಡು ಬೆಂಕಿ ಕಂಡ ಊರು

ಫ್ರಾನ್ಸಿನ ಪೂರ್ವದ ಗಡಿಯಲ್ಲಿ, ರೈನ್ ನದಿಯ ಮಗ್ಗುಲಲ್ಲಿರುವ ಸ್ಟ್ರಾಸ್‌ಬರ್ಗ್‌ಗೆ ಹೋದವರು ಕೆಂಗಲ್ಲಿನ ಕೆಥೆಡ್ರಲ್ ನೋಡಿ, ಗುಟೆನ್‌ಬರ್ಗ್ ಪ್ರತಿಮೆಯೆದುರು ಫೋಟೊ ತೆಗೆಸಿಕೊಂಡು ಹಿಂತಿರುಗುತ್ತಾರೆ. ಮುದ್ರಣದ ಈ ಪಿತಾಮಹ ಕೆಲವು ವರ್ಷ ಇದೇ ಊರಿನಲ್ಲಿದ್ದ.

ಪ್ರತಿಮೆಯಿಂದ ತುಸು ದೂರದಲ್ಲಿ ‘ತಾಂಪ್ಲ್ ನಫ್’ ಚರ್ಚು. ಹಿಂದೆ ಇದೇ ಜಾಗದ ಹಳೆಯ ಕಟ್ಟಡದಲ್ಲಿ ನಗರದ ಗ್ರಂಥಾಲಯವಿತ್ತು. 1870ರ ಆಗಸ್ಟ್ 24ರ ರಾತ್ರಿ ಜರ್ಮನ್ ಸೇನೆಯ ಫಿರಂಗಿಗಳಿಗೆ ಅದು ಸುಟ್ಟುಹೋಯಿತು. 12ನೇ ಶತಮಾನದ ಸನ್ಯಾಸಿನಿ ಹೆರಾಡ್ ರೂಪಿಸಿದ ‘ಹೊರ್ಟಸ್ ಡೆಲಿಸಿಯಾರಮ್’ ಎಂಬ ಸಚಿತ್ರ ಹಸ್ತಪ್ರತಿಯೂ ಬೂದಿಯಾಯಿತು. ಇಂದು ಅದರ ಚಿತ್ರಗಳು ನೋಡಸಿಗುತ್ತವೆಯಾದರೆ, 19ನೇ ಶತಮಾನದ ಕೆಲವು ಆಸಕ್ತರು ಬೆಂಕಿಗೆ ಮುನ್ನವೇ ನಕಲು ತೆಗೆದಿದ್ದರು, ಅದೇ ಕಾರಣ.

ಎರಡನೆಯ ಬೆಂಕಿ ನದಿಯ ಬಂದರಿನ ಕಡೆಯದು. 2021ರ ಮಾರ್ಚ್ 10ರಂದು, ನಡುರಾತ್ರಿ ಕಳೆದ ಮೇಲೆ, ‘ಒವಿಎಚ್’ ಕಂಪನಿಯ ಐದಂತಸ್ತಿನ ಡೇಟಾ ಸೆಂಟರ್ ಹೊತ್ತಿ ಉರಿಯಿತು. ನದಿಯ ಮೇಲಿಂದ ಅಗ್ನಿಶಾಮಕ ದೋಣಿಯೂ ನೀರೆರಚಿತು. ಯಾರಿಗೂ ಗಾಯವಾಗಲಿಲ್ಲ. ಆದರೆ ಅಸಂಖ್ಯ ವೆಬ್‌ಸೈಟುಗಳು ನಿಂತವು. ‘ರಸ್ಟ್’ ಎಂಬ ಆಟದ ಯೂರೋಪಿನ 25 ಸರ್ವರ್‌ಗಳ ಮಾಹಿತಿ ಮರಳಿ ಬರಲೇ ಇಲ್ಲ.

ಹೆಸರೇನೋ ‘ಕ್ಲೌಡ್’, ಅಂದರೆ ಮೋಡ. ಇರುವುದು ಮಾತ್ರ ನೆಲದ ಮೇಲೆ! ಒಂದೇ ಕಟ್ಟಡದಲ್ಲಿ ಮೂರು ಪ್ರತಿ ಇಟ್ಟರೆ ಡಿಸ್ಕು ಕೆಟ್ಟಾಗ ಉಪಯೋಗ. ಕಟ್ಟಡವೇ ಉರಿದರೆ ಮೂರೂ ಹೋದಂತೆ. ಬೇರೆ ಊರಿನಲ್ಲಿ ಇನ್ನೊಂದು ಪ್ರತಿ ಇಡಲು ಹೆಚ್ಚು ದುಡ್ಡು ತೆರಬೇಕು. ಜಿಪುಣತನ ಶುರುವಾಗುವುದೇ ಅಲ್ಲಿ. ಇನ್ನೊಂದು ಪೇಚು: ತಕ್ಷಣ ತಾನೂ ಬದಲಾಗುವ ನಕಲು, ಇಲ್ಲಿ ತಪ್ಪಿ ಅಳಿಸಿದ್ದನ್ನು ಅಲ್ಲಿಯೂ ಅಳಿಸುತ್ತದೆ. ಹಳೆಯ ದಿನಾಂಕದ ಪ್ರತಿ ಬೇರೆಯೇ ಬೇಕು.

1870ರ ನಷ್ಟ ತುಂಬಲು ದೇಶ ದೇಶಗಳಿಂದ ಪುಸ್ತಕಗಳು ಬಂದವು. ಗಣರಾಜ್ಯ ಚೌಕದಲ್ಲಿರುವ, ಗುಮ್ಮಟ ಹೊತ್ತ ಈಗಿನ ಗ್ರಂಥಾಲಯ ಬೆಳೆದದ್ದು ಆ ಪುಸ್ತಕಗಳಿಂದ.