ಬರೆದದ್ದು ಬೇರೆ, ಓಡಿದ್ದು ಬೇರೆ

ನನ್ನ ತಪ್ಪನ್ನು ಹನ್ನೊಂದು ದಿನ ಒಬ್ಬ ಹುಡುಗನ ತಲೆಗೆ ಕಟ್ಟಿದ್ದೆ. ಅದನ್ನು ಇದ್ದದ್ದು ಇದ್ದಹಾಗೆ ಬರೆದಿಡಲೆಂದು ಕೂತಿದ್ದೇನೆ.

ಕುಕ್ ಟೌನಿನ ನಮ್ಮ ಮನೆಯ ಮಹಡಿ ಕೋಣೆಯೇ ನನ್ನ ಕೆಲಸದ ಜಾಗ. ಬೆಂಗಳೂರು ಪೂರ್ವ ಸ್ಟೇಷನ್ನಿನ ಕಡೆಯಿಂದ ರೈಲಿನ ಸದ್ದು ಬರುತ್ತಿರುತ್ತದೆ. ಮೇಜಿನ ಮೇಲೆ ಕಾರ್ಟೆಕ್ಸ್-ಎಂ ಚಿಪ್ಪಿನ ಒಂದು ಬೋರ್ಡು, ಅದಕ್ಕೆ ಸಿಕ್ಕಿಸಿದ ಪ್ರೋಬ್, ಲ್ಯಾಪ್‌ಟಾಪಿನಲ್ಲಿ ಜಿಡಿಬಿ ಎಂಬ ಡೀಬಗರ್. ಇಲ್ಲಿಂದ ದೂರವಿಲ್ಲದ ಮಿಲ್ಲರ್ಸ್ ರಸ್ತೆಯಲ್ಲಿ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನ ಕೇಂದ್ರ ತೆರೆಯಿತು. ಆ ಕಾಲದಲ್ಲಿ ಈ ಊರಿನಲ್ಲಿ ಚಿಪ್ಪುಗಳ ಜೊತೆ ಬೆಳೆದ ಇಂಜಿನಿಯರುಗಳ ಕೈಕೆಳಗೆ ಕೆಲಸ ಕಲಿತವನು ನಾನು. ಏನೇ ಕೆಟ್ಟರೂ ಅವರು ಮೊದಲು ರಿಜಿಸ್ಟರ್ ನೋಡುತ್ತಿದ್ದರು. ನಾನು ಆ ಅಭ್ಯಾಸ ಬಿಟ್ಟೆ. ಸಿ ಸಾಲುಗಳ ಮೇಲೆಯೇ ಹೆಜ್ಜೆಯಿಡುತ್ತಾ, ವೇರಿಯಬಲ್ಲಿನ ಹೆಸರು ಹೇಳಿದರೆ ಅದರ ಬೆಲೆ ತೋರಿಸುವ ಅನುಕೂಲ ಕೈಯಲ್ಲಿರುವಾಗ ಅಸೆಂಬ್ಲಿ ಯಾಕೆ ಅನ್ನಿಸಿತ್ತು.

ನಮ್ಮ ಸಾಧನವೊಂದು ಗ್ರಾಹಕರ ಬಳಿ ಆಗಾಗ ಸುಮ್ಮನೆ ನಿಂತುಬಿಡುತ್ತಿತ್ತು. ಆಪ್ಟಿಮೈಸೇಶನ್ ಇಲ್ಲದ ಡೀಬಗ್ ಬಿಲ್ಡ್ ದಿನಗಟ್ಟಲೆ ಓಡಿದರೂ ನಿಲ್ಲುತ್ತಿರಲಿಲ್ಲ. ರಿಲೀಸ್ ಬಿಲ್ಡ್ ಮಾತ್ರ ನಿಲ್ಲುತ್ತಿತ್ತು. ನಿಂತಾಗ ಜಿಡಿಬಿ ಹಚ್ಚಿ ನೋಡಿದರೆ ಪ್ರೋಗ್ರಾಂ ಫಾಲ್ಟ್ ಹ್ಯಾಂಡ್ಲರಿನ ಕೊನೆಯಿಲ್ಲದ ಲೂಪಿನಲ್ಲಿ ಸುತ್ತುತ್ತಿತ್ತು. ಕರೆದವರ ಪಟ್ಟಿಯಲ್ಲಿ ಇದ್ದದ್ದು ನನ್ನದೇ ಫಂಕ್ಷನ್ನಿನ ಹೆಸರು. ಆದರೆ ಅದರೊಳಗೆ ‘ಪಾಯಿಂಟರ್ ಸೊನ್ನೆಯಾಗಿದ್ದರೆ ವಾಪಸ್ಸು’ ಎಂಬ ಪರೀಕ್ಷೆ ಕಣ್ಣೆದುರಿಗೇ ಇತ್ತು. ನಾನು ಬರೆದದ್ದು ಭದ್ರವಾಗಿದೆ, ಮೆಮೊರಿ ಕೆಡಿಸಿದವರು ಬೇರೆ ಯಾರೋ ಎಂದು ತೀರ್ಮಾನಿಸಿದೆ. ಆಗಷ್ಟೇ ಹೊಸ ಡ್ರೈವರ್ ಬರೆದಿದ್ದವನು ಹುಬ್ಬಳ್ಳಿಯಿಂದ ಬಂದ ಹುಡುಗ. ಎಲ್ಲರೂ ಕೂತಿದ್ದ ಮೀಟಿಂಗಿನಲ್ಲಿ ಅವನ ಹೆಸರು ಹೇಳಿದೆ.

“ಒಮ್ಮೆ ಅಸೆಂಬ್ಲಿ ನೋಡೂಣೇನ್ರಿ ಸರ್?” ಅಂದ.

“ಅದೆಲ್ಲ ಬೇಡಪ್ಪ. ನಿನ್ನ ಕೋಡನ್ನ ಮೊದಲು ಸರಿಯಾಗಿ ಓದು” ಅಂದೆ.

ಅವನು ಡ್ರೈವರನ್ನು ಮೊದಲಿನಿಂದ ಬರೆದ. ಬಾಧೆ ಹೋಗಲಿಲ್ಲ. ಮತ್ತೊಮ್ಮೆ ಬರೆಸಿದೆ.

ಹನ್ನೊಂದನೆಯ ರಾತ್ರಿ ಬೇರೆ ದಾರಿಯೇ ಉಳಿಯದೆ ರಿಜಿಸ್ಟರುಗಳನ್ನು ಬಿಚ್ಚಿ ನೋಡಿದೆ. ನಿಜವಾಗಿ ಫಾಲ್ಟ್ ಆಗಿದ್ದರೆ ಈ ಚಿಪ್ ಎಲ್‌ಆರ್ ರಿಜಿಸ್ಟರಿನಲ್ಲಿ ಎಫ್‌ಗಳ ಸಾಲಿನಿಂದ ಶುರುವಾಗುವ ಒಂದು ವಿಶೇಷ ಸಂಖ್ಯೆ ಇಡುತ್ತದೆ. ಅಲ್ಲಿದ್ದದ್ದು ಸಾಮಾನ್ಯ ವಿಳಾಸ. ಸ್ಥಿತಿ ರಿಜಿಸ್ಟರಿನಲ್ಲಿ ಎಕ್ಸೆಪ್ಶನ್ ಸಂಖ್ಯೆ ಸೊನ್ನೆ. ಅಂದರೆ ಫಾಲ್ಟೇ ಆಗಿರಲಿಲ್ಲ. ಯಾರೋ ಆ ಹ್ಯಾಂಡ್ಲರನ್ನು ಮಾಮೂಲಿ ಫಂಕ್ಷನ್ನಿನಂತೆ ಕರೆದಿದ್ದರು.

ನನ್ನ ಫಂಕ್ಷನ್ನನ್ನು ಡಿಸ್‌ಅಸೆಂಬಲ್ ಮಾಡಿದೆ. ಕಂಡದ್ದು ಇಷ್ಟು: ಆರ್0 ರಿಜಿಸ್ಟರಿನಲ್ಲಿರುವ ವಿಳಾಸಕ್ಕೆ 24 ಕೂಡಿಸಿ ಅಲ್ಲಿಂದ ಓದು, ಓದಿದ್ದನ್ನು ಕರೆ. ಇವೆರಡರ ನಡುವೆ ಇರಬೇಕಿದ್ದ ಸೊನ್ನೆಯ ಪರೀಕ್ಷೆ ಇರಲೇ ಇಲ್ಲ. ನಾನು ಪಾಯಿಂಟರಿನ ಮೂಲಕ ಓದುವ ಸಾಲನ್ನು ಮೊದಲು ಬರೆದು, ಪರೀಕ್ಷೆಯನ್ನು ಅದರ ಕೆಳಗೆ ಬರೆದಿದ್ದೆ. ಮೊದಲೇ ಓದಿಯಾಗಿದೆ ಅಂದಮೇಲೆ ಪಾಯಿಂಟರ್ ಸೊನ್ನೆಯಾಗಿರಲಾರದು ಎಂದು ಭಾವಿಸಲು ಸಿ ಭಾಷೆಯ ನಿಯಮ ಕಂಪೈಲರಿಗೆ ಬಿಟ್ಟುಕೊಡುತ್ತದೆ. ಅದು ಪರೀಕ್ಷೆಯನ್ನು ಕಿತ್ತುಹಾಕಿತ್ತು. ಈ ಚಿಪ್ಪಿನಲ್ಲಿ ಸೊನ್ನೆ ವಿಳಾಸದಿಂದ ಓದಿದರೂ ತಕರಾರಿಲ್ಲ. ಅಲ್ಲಿ ಹ್ಯಾಂಡ್ಲರುಗಳ ವಿಳಾಸಗಳ ಪಟ್ಟಿ, ಅಂದರೆ ವೆಕ್ಟರ್ ಟೇಬಲ್ ಇರುತ್ತದೆ. 24ನೇ ಬೈಟಿನಲ್ಲಿ ಇರುವುದು ಯೂಸೇಜ್ ಫಾಲ್ಟ್ ಹ್ಯಾಂಡ್ಲರಿನ ವಿಳಾಸ. ಸೊನ್ನೆ ಪಾಯಿಂಟರ್ ಬಂದಾಗಲೆಲ್ಲ ನನ್ನ ಕೋಡು ತಾನಾಗಿಯೇ ಹೋಗಿ ಆ ಲೂಪಿಗೆ ಬೀಳುತ್ತಿತ್ತು.

ಇದೇ ಬಗೆಯ ದೋಷ 2009ರಲ್ಲಿ ಲಿನಕ್ಸ್ ಕರ್ನಲ್ಲಿನ ಟನ್ ಡ್ರೈವರಿನಲ್ಲಿ ಸಿಕ್ಕಿತ್ತು. ಅದನ್ನು ಓದಿದ್ದೆ, ಕಿರಿಯರಿಗೆ ಪಾಠವೆಂದು ಹೇಳಿಯೂ ಇದ್ದೆ. ನನ್ನ ಕೋಡಿನಲ್ಲಿ ಹುಡುಕಲಿಲ್ಲ.

ಸೋರ್ಸ್ ತೋರಿಸುವ ಡೀಬಗರ್ ಸುಳ್ಳು ಹೇಳಿತು ಅನ್ನಲಾರೆ. ಕಂಪೈಲರ್ ಬರೆದುಕೊಟ್ಟ ಡ್ವಾರ್ಫ್ ಪಟ್ಟಿ ಹಿಡಿದು, ಈ ಇನ್‌ಸ್ಟ್ರಕ್ಷನ್ ಈ ಸಾಲಿನದು ಎಂದಷ್ಟೇ ಅದು ಹೇಳುತ್ತದೆ. ಸಾಲಿನ ಅಕ್ಷರಗಳನ್ನು ಮಾತ್ರ ಸೋರ್ಸ್ ಫೈಲಿನಿಂದ ಎತ್ತಿ ತೋರಿಸುತ್ತದೆ. ಅಳಿದುಹೋದ ಸಾಲೂ ಪರದೆಯ ಮೇಲೆ ಗಟ್ಟಿಯಾಗಿ ನಿಂತಿರುತ್ತದೆ. ಆಪ್ಟಿಮೈಸ್ ಆದ ಕೋಡಿನಲ್ಲಿ ಬಾಣ ಹಿಂದೆ ಮುಂದೆ ಜಿಗಿಯುವಾಗ, ವೇರಿಯಬಲ್ ಕೇಳಿದರೆ ‘ಆಪ್ಟಿಮೈಸ್ಡ್ ಔಟ್’ ಎಂದು ಬರುವಾಗ ಅದು ನನ್ನನ್ನು ಎಚ್ಚರಿಸುತ್ತಲೇ ಇತ್ತು. ನಾನು ಅದನ್ನು ಕಿರಿಕಿರಿ ಎಂದುಕೊಂಡೆ. ನಾನು ನೋಡುತ್ತಿದ್ದದ್ದು ನನ್ನ ಉದ್ದೇಶವನ್ನು, ಚಿಪ್ ಮಾಡುತ್ತಿದ್ದ ಕೆಲಸವನ್ನಲ್ಲ. ನನ್ನ ಉದ್ದೇಶದಲ್ಲಿ ತಪ್ಪಿರಲಿಲ್ಲವಾದ್ದರಿಂದ ತಪ್ಪು ಇನ್ನೊಬ್ಬನದಾಗಲೇಬೇಕಿತ್ತು.

ಹಾಗೆಂದು ಕೆಳಗಿನ ಮಟ್ಟವೇ ದೊಡ್ಡದಲ್ಲ. ಲೆಕ್ಕದ ತರ್ಕ ತಪ್ಪಿದಾಗ, ಷರತ್ತು ತಿರುವುಮುರುವಾದಾಗ ಸಿ ಸಾಲುಗಳ ನಡುವೆ ಹೆಜ್ಜೆಯಿಡುವುದೇ ಸರಿ; ಅಲ್ಲಿ ರಿಜಿಸ್ಟರ್ ಎಣಿಸುತ್ತಾ ಕೂತರೆ ಮರಗಳ ನಡುವೆ ಕಾಡು ಕಾಣದು. ಒಂದು ಬಿಲ್ಡಿನಲ್ಲಿ ಕಂಡು ಇನ್ನೊಂದರಲ್ಲಿ ಕಾಣದ ಬಾಧೆ, ಸೋರ್ಸ್ ಇಲ್ಲದ ಲೈಬ್ರರಿ, ಹಾಳಾದ ಸ್ಟ್ಯಾಕ್, ಅರ್ಥವಿಲ್ಲದ ವಿಳಾಸ ಎದುರಾದರೆ ಕೆಳಗಿಳಿಯಲೇಬೇಕು. ಅದಕ್ಕೆ ಬೇರೆ ಸಲಕರಣೆಯೂ ಬೇಕಿಲ್ಲ. ಅದೇ ಜಿಡಿಬಿಯಲ್ಲಿ ‘ಸ್ಟೆಪ್’ ಬದಲು ‘ಸ್ಟೆಪ್‌ಐ’ ಎಂದು ಹೊಡೆದರೆ ಒಂದೊಂದೇ ಇನ್‌ಸ್ಟ್ರಕ್ಷನ್. ಒಂದಕ್ಷರ ಹೆಚ್ಚು ಹೊಡೆಯಲು ನನಗೆ ಹನ್ನೊಂದು ದಿನ ಹಿಡಿಯಿತು.

ಬೆಳಿಗ್ಗೆ ಅದೇ ಜನರ ಮುಂದೆ ತಪ್ಪು ನನ್ನದೆಂದು ಹೇಳಿ, ಹುಡುಗನ ಕ್ಷಮೆ ಕೇಳಿದೆ. ಅವನು, “ಆ ಎಲ್‌ಆರ್ ಹೆಂಗ ನೋಡಿದ್ರಿ ಸರ್, ತೋರಸ್ರಿ” ಎಂದು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದ. ಎರಡು ಸಾಲುಗಳನ್ನು ಅದಲುಬದಲು ಮಾಡಿದ್ದಷ್ಟೇ ರಿಪೇರಿ.

ಅವನು ಬರೆದ ಡ್ರೈವರಿನ ಮೂರೂ ಆವೃತ್ತಿಗಳು ನಮ್ಮ ರೆಪಾಸಿಟರಿಯಲ್ಲಿ ಉಳಿದಿವೆ. ಆಮೇಲೊಂದು ದಿನ ಬಿಡುವು ಮಾಡಿಕೊಂಡು ಮೂರನ್ನೂ ಓದಿದೆ. ಮೊದಲನೆಯದರಲ್ಲೇ ತಪ್ಪಿರಲಿಲ್ಲ.